ನಾಲ್ಕು ಲಗಾಮು ಹಿಡಿದವನು

"ಬಿಡ್ರೀ! ನನ್ನ ಕುದುರೆ ಲಗಾಮು ಮುಟ್ಟೋಕೆ ನೀವ್ಯಾರು?"

ಬ್ರೈಡಿಯ ದನಿಗೆ ದನದ ದೊಡ್ಡಿಯ ಬೇಲಿಯ ಮೇಲಿದ್ದ ಗಿಳಿಗಳೆಲ್ಲ ಒಮ್ಮೆಗೇ ಹಾರಿದವು.

ಹೊಸ ದನಗಾಹಿ ಬೆಚ್ಚಿ ನಿಂತ. ಬಿಸಿಲಿಗೆ ಕಂದಿದ ಮುಖ, ಕಮ್ಮಿ ಮಾತಿನ ಮನುಷ್ಯ. ಅವನ ಎಡಗೈಯಲ್ಲಿ ಆಗಲೇ ಮೂರು ಲಗಾಮುಗಳಿದ್ದವು. ಒಂದು ಅವನದು, ಒಂದು ಅವಳ ಅಪ್ಪನದು, ಇನ್ನೊಂದು ಕೂಲಿಯಾಳಿನದು. ನಾಲ್ಕನೆಯದಕ್ಕೆ ಬಲಗೈ ಚಾಚಿದ್ದ.

"ಕ್ಷಮಿಸಿ... ಬೇಕೂಂತ ಅಲ್ಲ. ಕೈ ತಾನಾಗೇ ಹೋಯ್ತು."

ಕೈ ತಾನಾಗೇ ಹೋಗುವುದೇ? ಇದೆಂಥ ಕೈ!

ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಉಳಿದದ್ದು ಕುತೂಹಲ.

ಅವನ ಹೆಸರು ರೂಬೆನ್ ಹೇಲ್. ಆಫ್ರಿಕದ ಯುದ್ಧ ಮುಗಿದ ವರ್ಷ, ಕ್ವೀನ್ಸ್‌ಲ್ಯಾಂಡಿನ ನಮ್ಮ ಪಡುವಣ ಬಯಲಿಗೆ ಕೆಲಸ ಕೇಳಿಕೊಂಡು ಬಂದವನು. ಬ್ರೈಡಿಯ ಅಪ್ಪ ಕ್ವಿನ್ಲನ್ ಹೆಚ್ಚು ವಿಚಾರಿಸದೆ ಇಟ್ಟುಕೊಂಡ. ಮನೆಗೆ ಒಬ್ಬ ಗಂಡಾಳು ಬೇಕೇ ಬೇಕಿತ್ತು. ಬ್ರೈಡಿಯ ಅಣ್ಣ ಡೆಕ್ಲನ್ ಕುದುರೆ ದಂಡಿಗೆ ಸೇರಿ ಅದೇ ಯುದ್ಧಕ್ಕೆ ಹೋಗಿದ್ದ. ಅವನೂ ಬರಲಿಲ್ಲ. ಅವನು ಏರಿ ಹೋದ ಕೆಂದ ಹೆಣ್ಣುಕುದುರೆಯೂ ಬರಲಿಲ್ಲ; ದಂಡಿನ ಕುದುರೆಗಳನ್ನು ಯಾರೂ ಮರಳಿ ತರಲಿಲ್ಲ. ಆ ಕುದುರೆಯನ್ನು ಮರಿಯಿಂದ ಸಾಕಿ, ಪಳಗಿಸಿ, ಅಣ್ಣನಿಗೆ ಕೊಟ್ಟವಳು ಬ್ರೈಡಿ. ಅಂದಿನಿಂದ ತನ್ನ ಕುದುರೆಯನ್ನು ಬೇರೆ ಯಾರ ಕೈಗೂ ಕೊಟ್ಟವಳಲ್ಲ.

ದಿನ ಕಳೆದಂತೆ ಅವಳ ಕುತೂಹಲ ಬೆಳೆಯಿತು. ಎಲ್ಲೇ ಇಳಿಯಲಿ, ಚಹಾ ಕಾಯಿಸಲು ನಿಲ್ಲಲಿ, ಕರುಗಳಿಗೆ ಗುರುತಿನ ಬರೆ ಹಾಕಲು ನಿಲ್ಲಲಿ, ರೂಬೆನ್ ಸುಮ್ಮನೆ ಎಲ್ಲರ ಕುದುರೆಗಳನ್ನು ಕೈಗೆ ತೆಗೆದುಕೊಳ್ಳುತ್ತಿದ್ದ. ಯಾರೂ ಹೇಳಿದ್ದಲ್ಲ. ಪಕ್ಕದಲ್ಲೇ ಕಂಬವಿದ್ದರೂ ಕಟ್ಟುತ್ತಿರಲಿಲ್ಲ.

ಪಾದ್ರಿಗಳು ಬಂದ ಭಾನುವಾರವಂತೂ ಅವಳು ನಗು ತಡೆಯಲಾರದೆ ಹೋದಳು. ನಮ್ಮ ಕಡೆ ಅವರು ಬರುವುದೇ ಅಪರೂಪ. ಬಂದ ದಿನ ಉಣ್ಣೆ ಕತ್ತರಿಸುವ ಕೊಟ್ಟಿಗೆಯೇ ದೇವಾಲಯ. ಸುತ್ತಲ ಹತ್ತಾರು ಮೈಲಿಯ ಜನ ಮಂಡಿಯೂರಿದ್ದರೆ ಇವನೊಬ್ಬ ಹೊರಗೆ ಬಿಸಿಲಲ್ಲಿ ಕುದುರೆ ಹಿಡಿದು ನಿಂತಿದ್ದ!

"ನೋಡೇ ಅಲ್ಲಿ, ದೇವರಿಗೆ ಬೆನ್ನು ಹಾಕಿ ಕುದುರೆಗೆ ಮುಖ ಮಾಡಿದಾನೆ ಪುಣ್ಯಾತ್ಮ!" ಅಪ್ಪನ ತಂಗಿ ವಿನಿ ಅತ್ತೆ ಜಪಮಾಲೆಯ ನಡುವೆಯೇ ಪಿಸುಗುಟ್ಟಿದಳು.

ಪೂಜೆ ಮುಗಿದ ಕೂಡಲೇ ಬ್ರೈಡಿ ಅವನ ಬಳಿ ಓಡಿದಳು.

"ಕಟ್ಟೋಕೆ ಕಂಬ ಇದೆಯಲ್ರೀ?"

"ಕಂಬ ಕುದುರೆಗೆ ಧೈರ್ಯ ಹೇಳಲ್ಲ."

"ಓಹೋ! ನೀವು ಹೇಳ್ತೀರೋ? ಏನಂತ?"

"ಬರ್ತಾರೆ, ಇನ್ನೇನು ಬಂದ್ಬಿಡ್ತಾರೆ... ಅಂತ."

ಅವನು ನಗಲಿಲ್ಲ. ಅವಳಿಗೂ ನಗು ಬರಲಿಲ್ಲ. ಅವನು ಜೇಬಿನಿಂದ ಒಂದು ಚಿಟಿಕೆ ಉಪ್ಪು ತೆಗೆದು ಅಂಗೈಯಲ್ಲಿಟ್ಟು ಅವಳ ಕುದುರೆಯ ಮುಂದೆ ಹಿಡಿದ. ಕುದುರೆ ನೆಕ್ಕಿತು.

ಬ್ರೈಡಿ ಅವನ ಅಂಗೈಯನ್ನೇ ನೋಡಿದಳು. ಬೆದರಿದ ಕುದುರೆಯನ್ನು ಉಪ್ಪು ನೆಕ್ಕಿಸಿ ಪಳಗಿಸುವುದು ಅವಳದೇ ರೂಢಿ!

"ಇದು ನಿಮಗ್ಯಾರು ಹೇಳಿಕೊಟ್ರು?"

"ಒಬ್ಬ ಗೆಳೆಯ," ಎಂದವನೇ ಮುಖ ತಿರುಗಿಸಿದ.

ಯಾವ ಗೆಳೆಯ? ಕೇಳಬೇಕೆನ್ನಿಸಿತು. ಆದರೆ ಅವನ ಕಣ್ಣಂಚು ಒದ್ದೆಯಾಗಿತ್ತು. ಆ ಒದ್ದೆ ಕಣ್ಣು ಅವಳನ್ನು ಎಷ್ಟೋ ದಿನ ಕಾಡಿತು. ರೊಟ್ಟಿಯನ್ನು ಬೇಯಲು ಬಿಸಿ ಬೂದಿಯಲ್ಲಿ ಹೂಳಿ ಮರೆತುಬಿಡುವಷ್ಟು ಕಾಡಿತು.

"ರೊಟ್ಟಿ ಕರಕಲಾದ್ರೆ ಪರವಾಗಿಲ್ಲಮ್ಮ, ಮನೆ ಹೊತ್ತಿಸ್ಬೇಡ," ಎಂದು ಅತ್ತೆ ಛೇಡಿಸಿದಳು.

ಅಷ್ಟರಲ್ಲಿ ಫ್ಲೆಚರ್ ಬಂದ.

ಫ್ಲೆಚರ್ ದನದ ಮಂದೆಯನ್ನು ದೂರದ ಪೇಟೆಗೆ ಹೊಡೆದುಕೊಂಡು ಹೋಗುವವನು. ಅವನೂ ಯುದ್ಧಕ್ಕೆ ಹೋಗಿ ಬಂದವನೇ; ಆಮೇಲೆ ನಮ್ಮ ಕಡೆ ಬಂದದ್ದು ಇದೇ ಮೊದಲು. ನಮ್ಮ ಹಳ್ಳದ ದಂಡೆಯಲ್ಲಿ ಮಂದೆ ಇಳಿಸಿ ದೊಡ್ಡಿಯ ಬಳಿ ಬಂದವನು, ಲಗಾಮು ಹಿಡಿದು ನಿಂತಿದ್ದ ರೂಬೆನ್‌ನನ್ನು ಕಂಡು ತೊಡೆ ತಟ್ಟಿ ನಕ್ಕ.

"ಎಲಾ ಇವ್ನ! ನಾಲ್ಕನೇ ನಂಬರು! ಇನ್ನೂ ಕುದುರೆ ಹಿಡ್ಕೊಂಡೇ ಇದೀಯೇನಯ್ಯಾ?"

ರೂಬೆನ್‌ನ ಮುಖ ಸುಣ್ಣವಾಯಿತು.

"ಹಾಗಂದ್ರೆ?" ಬ್ರೈಡಿ ಕೇಳಿದಳು.

"ಕುದುರೆ ದಂಡಿನ ಪದ್ಧತಿ ಕಣಮ್ಮ. ಗುಂಡಿನ ಕಾಳಗಕ್ಕೆ ಇಳಿದಾಗ ಮೂವರು ಬಂದೂಕು ಹಿಡಿದು ಮುಂದೆ ಹೋಗ್ಬೇಕು. ನಾಲ್ಕನೆಯವನು ನಾಲ್ಕೂ ಕುದುರೆ ಹಿಡ್ಕೊಂಡು ಹಿಂದೆ ನಿಲ್ಬೇಕು. ನಮ್ಮ ನಾಲ್ವರಲ್ಲಿ ಇವನೇ ಆರಾಮಾಗಿದ್ದೋನು! ನಾನು, ಇನ್ನೊಬ್ಬ, ಪಾಪ ನಿಮ್ಮ ಡೆಕ್ಲನ್..."

ಫ್ಲೆಚರ್‌ನ ನಗು ಅಲ್ಲೇ ನಿಂತಿತು. ಈ ಮನೆಗೆ ಏನೂ ಗೊತ್ತಿಲ್ಲವೆಂದು ಅವನಿಗೆ ಆಗ ಹೊಳೆಯಿತು.

ಬ್ರೈಡಿ ರೂಬೆನ್‌ನ ಎದುರು ಬಂದು ನಿಂತಳು.

"ನನ್ನ ಅಣ್ಣನ ಜೊತೆ ಇದ್ರಾ?"

"ಇದ್ದೆ."

"ಅವನು ಬಿದ್ದಾಗ... ಕೂಗಿದ್ನಾ?"

"ಕೂಗಿದ."

"ನಿಮಗೆ ಕೇಳಿಸ್ತಾ?"

"ಕೇಳಿಸ್ತು."

"ಹೋಗಲಿಲ್ವಾ?"

ರೂಬೆನ್ ತಲೆ ತಗ್ಗಿಸಿದ. "ಹೋಗಲಿಲ್ಲ."

ದೇವರೇ! ಇವನ ಒದ್ದೆ ಕಣ್ಣಿಗೆ ಕರಗಿದೆನಲ್ಲ ನಾನು!

"ಇಷ್ಟು ದಿನ ನಮ್ಮ ಅನ್ನ ತಿಂದು ಬಾಯಿ ಮುಚ್ಚಿಕೊಂಡಿದ್ರಲ್ಲ... ಹೊರಟ್ಹೋಗಿ! ಇನ್ಮೇಲೆ ನನ್ನ ಕುದುರೆ ಮುಟ್ಬೇಡಿ!"

"ಹೇಳೋಕೇ ಬಂದಿದ್ದೆ," ಎಂದ ರೂಬೆನ್. "ನಿಮ್ಮನ್ನ ನೋಡಿದ ಮೇಲೆ ಬಾಯೇ ಬರಲಿಲ್ಲ. ನಾಳೆ ಹೊರಡ್ತೀನಿ."

ಮರುದಿನ ಬೆಳಿಗ್ಗೆ ಅವನು ಗಂಟು ಕಟ್ಟುತ್ತಿರುವಾಗಲೇ ಫ್ಲೆಚರ್‌ನ ಹಸುಗಳು ರಾತ್ರಿ ಅಲೆದುಹೋಗಿ ದೂರದ ಕೆಳ ಹೊಂಡದ ಕೆಸರಿನಲ್ಲಿ ಹೂತಿವೆಯೆಂದು ಸುದ್ದಿ ಬಂತು. ಅಂಥ ಹೊತ್ತಿನಲ್ಲಿ ಜಗಳ ಯಾರೂ ನೋಡುವುದಿಲ್ಲ. ಅಪ್ಪ, ಫ್ಲೆಚರ್, ರೂಬೆನ್, ಬ್ರೈಡಿ ನಾಲ್ವರೂ ಹೊರಟರು.

ಅಲ್ಲಿ ಮರವಿಲ್ಲ, ಕಂಬವಿಲ್ಲ. ಬಟಾಬಯಲು. ಇಳಿದ ಕೂಡಲೇ ರೂಬೆನ್‌ನ ಕೈ ಅಭ್ಯಾಸದಂತೆ ಚಾಚಿತು, ಬ್ರೈಡಿಯ ಮುಖ ನೋಡಿ ಹಿಂದೆ ಸರಿಯಿತು.

"ಕೊಡಿ, ನಾನೇ ಹಿಡೀತೀನಿ," ಎಂದಳು ಅವಳು ಬಿರುಸಾಗಿ. ಇದೇನು ಮಹಾ ಕೆಲಸ!

ಮೂವರೂ ಹಗ್ಗ ಹಿಡಿದು ಕೆಸರಿಗಿಳಿದರು. ಅಷ್ಟರಲ್ಲಿ ಮೋಡವೇ ಕಾಣದ ಬಾನಂಚಿನಿಂದ ಒಣ ಗುಡುಗು ಸಿಡಿಯಿತು. ದಂಡೆಯ ಮೇಲಿದ್ದ ದನ ಚದುರಿ ಓಡಿದವು. ನಾಲ್ಕೂ ಕುದುರೆ ಮುಂಗಾಲೆತ್ತಿ ನಿಂತವು. ಲಗಾಮು ಅವಳ ಅಂಗೈಯ ಚರ್ಮ ಸುಲಿಯಿತು. ತೋಳು ಕಿತ್ತೇ ಬಂತೆಂದುಕೊಂಡಳು.

"ಬ್ರೈಡೀ...!"

ಅಪ್ಪನ ಕೂಗು! ಹೂತಿದ್ದ ಹಸು ಹೊರಳಿ ಅವನ ಕಾಲು ಅದರಡಿ ಸಿಕ್ಕಿತ್ತು.

ಅವಳ ಪ್ರಾಣವೆಲ್ಲ ಆ ಕೂಗಿನ ಕಡೆ ಓಡಿತು. ಕಾಲು ಮಾತ್ರ ಓಡಲಿಲ್ಲ. ಬಿಟ್ಟರೆ ಕುದುರೆಗಳು ಹೋದವು. ಮನೆ ಎಷ್ಟೋ ಮೈಲಿ ದೂರ, ನಡುವೆ ಹನಿ ನೀರಿಲ್ಲ. ಕಾಲು ಮುರಿದ ಅಪ್ಪನನ್ನು ಯಾವುದರ ಮೇಲೆ ಕೂರಿಸುವುದು? ಉಳಿದವರು ಹೇಗೆ ಮರಳುವುದು?

"ಬರ್ತಾರೆ... ಇನ್ನೇನು ಬಂದ್ಬಿಡ್ತಾರೆ..."

ಯಾರು ಹೇಳಿದ್ದು? ಅವಳದೇ ಬಾಯಿ! ಕಣ್ಣೀರು ಸುರಿಯುತ್ತಿರುವಂತೆಯೇ ಕುದುರೆಗಳ ಕಿವಿಯಲ್ಲಿ ಅದನ್ನೇ ಹೇಳುತ್ತಿದ್ದಳು. ಅಪ್ಪ ಮತ್ತೆ ಕೂಗಿದ. ಅವಳು ಕಣ್ಣು ಮುಚ್ಚಿ ದೇವಮಾತೆಯನ್ನು ನೆನೆದು ಲಗಾಮನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡಳು.

ಕಣ್ಣು ತೆರೆದಾಗ ರೂಬೆನ್ ಕುತ್ತಿಗೆಯವರೆಗೆ ಕೆಸರಾಗಿ, ಅಪ್ಪನನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ.

ಅವನು ಅವಳ ಕೈ ನೋಡಿದ. ಅವಳು ಅವನ ಕೈ ನೋಡಿದಳು. ಅವನ ಅಂಗೈಗಳ ಹಳೆಯ ಗಾಯದ ಗೆರೆಗಳು, ಅವಳ ಈಗಿನ ಗಾಯಗಳು ಇದ್ದ ಜಾಗದಲ್ಲೇ ಇದ್ದವು.

ಅಪ್ಪನನ್ನು ಕುದುರೆಯ ಮೇಲೆ ಕೂರಿಸಿ ಮನೆ ಸೇರಿಸಿದರು. ಕಾಲಿಗೆ ಪಟ್ಟಿ ಕಟ್ಟಿದ್ದೂ ಆಯಿತು. ಬ್ರೈಡಿ ಫ್ಲೆಚರ್‌ನನ್ನು ಕೇಳಿದಳು:

"ಫ್ಲೆಚರ್ ಮಾಮ, ಆ ದಿನ ನೀವು ಹೇಗೆ ವಾಪಸು ಬಂದ್ರಿ?"

"ಕುದುರೆ ಮೇಲೆ ಕಣಮ್ಮ. ವೈರಿ ಬೋಯರರು ಬೆನ್ನಟ್ಟಿದ್ರು. ನಾವಿಬ್ರೂ ಬಿದ್ದಂಬೀಳ ಬಂದು ಹತ್ತಿ..."

"ನಿಮ್ಮ ಕುದುರೆ ಅಲ್ಲೇ ಇತ್ತಾ?"

ಫ್ಲೆಚರ್ ನಿಧಾನವಾಗಿ ಟೊಪ್ಪಿ ತೆಗೆದ. "ಇತ್ತು," ಎಂದ. "ಒಂದು ದಿನಾನೂ ಅದನ್ನ ಯೋಚಿಸ್ಲಿಲ್ಲ ನೋಡು ನಾನು."

ಬ್ರೈಡಿ ಅಂಗಳಕ್ಕೆ ಓಡಿದಳು.

ಇಳಿಬಿಸಿಲಿನಲ್ಲಿ ರೂಬೆನ್ ಜೀನು ಬಿಗಿದು ರಿಕಾಪಿಗೆ ಕಾಲಿಟ್ಟಿದ್ದ. ಅವಳು ಹೋಗಿ ಅವನ ಕುದುರೆಯ ಲಗಾಮು ಹಿಡಿದಳು.

"ಬಿಡಿ ಬ್ರೈಡಿ... ಕೈ ಗಾಯವಾಗಿದೆ."

"ಬೇಕೂಂತ ಅಲ್ಲ. ಕೈ ತಾನಾಗೇ ಹೋಯ್ತು."

ಅವನ ಕಾಲು ನೆಲಕ್ಕಿಳಿಯಿತು.

"ಅಣ್ಣ ಏನಾದ್ರೂ ಹೇಳಿದ್ನಾ?" ಎಂದಳು ಮೆಲ್ಲಗೆ.

"ಲಗಾಮು ಕೊಡೋವಾಗ ಹೇಳಿದ. 'ಇದು ನನ್ನ ತಂಗಿ ಸಾಕಿದ್ದು ಕಣೋ, ಉಪ್ಪು ಕೊಟ್ರೆ ಹೇಳಿದ ಮಾತು ಕೇಳ್ತದೆ, ಏನೇ ಆದ್ರೂ ಬಿಡಬೇಡ' ಅಂದ. ಬಿಡಲಿಲ್ಲ ಬ್ರೈಡಿ... ಅವನು ಕೂಗ್ತಾ ಇದ್ರೂ ಬಿಡಲಿಲ್ಲ. ನಾನು ಮಾಡಿದ್ದು ಸರೀನಾ? ಇವತ್ತಿಗೂ ತಿಳೀತಿಲ್ಲ."

ಅವಳು ಸುಲಿದ ಅಂಗೈಯನ್ನು ಅವನ ಅಂಗೈಯ ಮೇಲಿಟ್ಟಳು.

"ನನಗೂ ತಿಳೀದು. ಆದ್ರೆ ಎಷ್ಟು ಉರೀತದೆ ಅಂತ ಇವತ್ತು ತಿಳೀತು."

ಅವನು ಮಗುವಿನಂತೆ ಅತ್ತ. ಯುದ್ಧ ಮುಗಿದ ಮೇಲೆ ಅವನು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಅವಳು ಅಳಲು ಬಿಟ್ಟಳು. ಕುದುರೆಯೂ ಅಲುಗದೆ ನಿಂತಿತ್ತು.

"ರೂಬೆನ್."

"ಹ್ಞೂಂ?"

"ಪಾದ್ರಿಗಳು ಮತ್ತೆ ಬಂದಾಗ ನೀನು ಒಳಗೆ ಬರ್ಬೇಕು."

'ನೀವು' ಹೋಗಿ 'ನೀನು' ಬಂದದ್ದು ಅವನಿಗೆ ಕೇಳಿಸಿತು. ಕಣ್ಣೊರೆಸಿಕೊಂಡು ನೋಡಿದ.

"ಕುದುರೆಗಳು?"

"ಕಂಬಕ್ಕೆ ಕಟ್ಟೋಣ. ಆವತ್ತು ನಿನ್ನ ಕೈ ಖಾಲಿ ಇರ್ಬೇಕು."

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತಾನೆ ಪುಣ್ಯಾತ್ಮ!" ಅವಳು ಕೆಂಪಾದಳು. "ನನ್ನ ಕೈ ಹಿಡಿಯೋಕೆ!"

ಅವನು ಆ ಗಾಯದ ಕೈಯನ್ನು ಮೆತ್ತಗೆ ಮುಚ್ಚಿ ಹಿಡಿದ.

"ಹಿಡಿದ್ರೆ ನಾನು ಬಿಡೋನಲ್ಲ ಬ್ರೈಡಿ."

"ಗೊತ್ತು," ಎಂದಳು ಅವಳು.