ಮೆಟ್ಟಿಲಿನ ಕತ್ತಲೆಗೆ ಒಂದು ಪದ

"ಅಯ್ಯೋ! ಕಣ್ಣು ಕಾಣಲ್ವಾ ನಿಮಗೆ?"

ಸಂಜೆಯ ಇಂಗ್ಲಿಷ್ ತರಗತಿಗೆ ಹತ್ತುವ ಮೆಟ್ಟಿಲಲ್ಲಿ ಯಾರೋ ಹಿಂದಿನಿಂದ ಬಂದು ಡಿಕ್ಕಿ ಹೊಡೆದಿದ್ದ. ಪಾಠ ಹೇಳಲು ಹೊರಟಿದ್ದ ಅವಳ ಕೈಯಲ್ಲಿದ್ದ ಪುಸ್ತಕಗಳೆಲ್ಲ ಚೆಲ್ಲಾಪಿಲ್ಲಿ!

"ಇಲ್ಲ... ಸಾರಿ," ಎಂದ ಆತ. ಗೋಡೆ ಹಿಡಿದುಕೊಂಡು ಮೇಲೆ ಹೋಗಿಯೇಬಿಟ್ಟ. ಒಂದು ಪುಸ್ತಕವನ್ನೂ ಎತ್ತಿಕೊಡಲಿಲ್ಲ!

ಎಂಥ ಸೊಕ್ಕು! ಮೇಲೆ ಬಂದು ನೋಡಿದರೆ ಅದೇ ಮನುಷ್ಯ, ಟ್ಯೂಬ್‌ಲೈಟಿನ ಕೆಳಗಿನ ಬೆಂಚಿನಲ್ಲಿ. ಅವಳನ್ನು ಕಂಡದ್ದೇ ಮುಖವರಳಿಸಿ ಎದ್ದು ನಿಂತ.

"ನಮಸ್ಕಾರ ಮೇಡಂ. ಎದುರಿನ ಟೈಲರ್ ಅಂಗಡಿ ನಂದೇ. ಇವತ್ತು ಹೊಸದಾಗಿ ಸೇರಿದೀನಿ."

ಈಗ ತಾನೇ ಗುದ್ದಿದ್ದು ಇವನೇನಾ ಎಂದು ಅವಳಿಗೇ ಅನುಮಾನ ಬಂತು.

ಹಾಗೆ ಶುರುವಾದ ಗೊಂದಲ ತಿಂಗಳುಗಳಾದರೂ ಬಗೆಹರಿಯಲಿಲ್ಲ. ತರಗತಿಯಲ್ಲಿ ಅವನು ಕಣ್ಣು ಕೀಳದೆ ಅವಳನ್ನೇ ನೋಡುತ್ತಿದ್ದ. ಹೊಸ ಬಟ್ಟೆ ತೊಟ್ಟರೆ, "ತೋಳು ಸ್ವಲ್ಪ ಬಿಗಿ ಆಯ್ತಲ್ವಾ ಮೇಡಂ?" ಎಂದು ಪತ್ತೆ ಹಚ್ಚುತ್ತಿದ್ದ. ಅದೇ ಮನುಷ್ಯ ಮೆಟ್ಟಿಲಲ್ಲಿ ಎದುರಾದರೆ, ಅವಳ ನಗುವಿಗೆ ಒಂದು ಮರುನಗುವೂ ಇಲ್ಲ! ಆದರೂ ಬೈದುಕೊಳ್ಳುತ್ತಲೇ ಮನಸ್ಸು ಕೊಟ್ಟು ಕೂತಿದ್ದಳು ನಮ್ಮ ಮೇಡಂ.

ಮನೆಯಲ್ಲಿ ಚಿಕ್ಕಮ್ಮ ಒಂದು ಸಂಬಂಧ ತಂದು ಬೆನ್ನು ಬಿದ್ದಿದ್ದರು. "ಹೂಂ ಅಂತೀಯೋ, ಉಹೂಂ ಅಂತೀಯೋ? ನಾಳೆ ಹೇಳಿಬಿಡು ಮಗಳೇ."

ಏನು ಹೇಳುವುದು? ತನ್ನ ಮನಸ್ಸೇನೋ ಅವನ ಹತ್ತಿರ ಇದೆ. ಅವನ ಮನಸ್ಸು ಎಲ್ಲಿದೆ?

ಆ ಸಂಜೆ ಧೈರ್ಯ ಮಾಡಿ ಮೆಟ್ಟಿಲ ತಿರುವಿನಲ್ಲಿ ಕಾದು ನಿಂತಳು. ಅವನು ಬಂದ. ಬಾಯಿ ಕಟ್ಟಿಹೋಯಿತು; ಸುಮ್ಮನೆ ಕೈ ಚಾಚಿದಳು. ಅವನು ಗೋಡೆ ಸವರುತ್ತಾ ಅವಳನ್ನು ದಾಟಿ ಹೋದ...

ಅಳು ಉಕ್ಕಿ ಬಂತು. ಸಾಕು, ಚಿಕ್ಕಮ್ಮನಿಗೆ ಹೂಂ ಅಂದುಬಿಡುವುದೇ!

ಆದರೆ ಪಾಠ ಮಾಡಲೇಬೇಕಲ್ಲ. ಅದೂ ಅವನೇ ಪೀಡಿಸಿ ಕೇಳಿದ್ದ ಪಾಠ: ಕತ್ತಲೆಗೆ ಇಂಗ್ಲಿಷಿನಲ್ಲಿರುವ ಪದಗಳು.

"ಬೆಳಕು ಮಂದವಾಗಿದ್ರೆ ಡಿಮ್. ಬರೀ ನೆರಳು ನೆರಳಾಗಿ ಕಂಡ್ರೆ ಶ್ಯಾಡೋಯಿ. ಮನಸ್ಸಿಗೂ ಬೇಜಾರು ಹಿಡಿಸೋ ಕತ್ತಲೆ ಗ್ಲೂಮಿ. ಏನೇನೂ ಕಾಣದಿದ್ರೆ ಪಿಚ್ ಡಾರ್ಕ್. ಎಲ್ಲಿ, ನಮ್ಮ ಮೆಟ್ಟಿಲಿಗೆ ಯಾವ ಪದ? ಟೈಲರ್ ಅವರು ಹೇಳಲಿ."

"ಪಿಚ್ ಡಾರ್ಕ್."

ತರಗತಿ ಗೊಳ್ಳೆಂದು ನಕ್ಕಿತು.

"ತಪ್ಪು! ಡಿಮ್. ಅಲ್ಲಿ ಬಲ್ಬ್ ಇದೆ, ಎಲ್ಲರ ಮುಖಾನೂ ಕಾಣತ್ತೆ."

"ನನಗೆ ಪಿಚ್ ಡಾರ್ಕೇ ಮೇಡಂ."

"ಹಠ ಬೇಡ! ಸರಿಯಾಗಿ ಹೇಳಿ."

ಅವನು ತಲೆ ತಗ್ಗಿಸಿದ. ಅವಳಿಗೆ ತಟ್ಟನೆ ಗೋಡೆ ಸವರುತ್ತಿದ್ದ ಆ ಕೈ ನೆನಪಾಯಿತು. ಎತ್ತಿಕೊಡದ ಪುಸ್ತಕ, ಟ್ಯೂಬ್‌ಲೈಟಿನ ಕೆಳಗಿನ ಬೆಂಚು... ಅಯ್ಯೋ ದೇವರೇ!

ಉಳಿದವರೆಲ್ಲ ಹೋದ ಮೇಲೆ ಅವನನ್ನು ಮೆಲ್ಲಗೆ ಕೇಳಿದಳು. "ನಿಮಗೆ... ಅಲ್ಲಿ ಕಾಣೋದೇ ಇಲ್ವಾ?"

"ಬೆಳಕು ಕಮ್ಮಿ ಆದ್ರೆ ಏನೂ ಕಾಣಲ್ಲ. ಚಿಕ್ಕಂದಿನಿಂದ ಇರುಳುಗುರುಡು. ಹೊರದೇಶದ ಕಣ್ಣಿನ ಡಾಕ್ಟರ್ ಒಬ್ರು ಬರ್ತಿದಾರೆ. ಎಂಥ ಕತ್ತಲಲ್ಲಿ ಎಷ್ಟು ಕಾಣತ್ತೆ ಅಂತ ಅವರಿಗೆ ಇಂಗ್ಲಿಷಲ್ಲಿ ಹೇಳ್ಬೇಕು. ಅದಕ್ಕೇ ಸೇರಿದ್ದು."

"ನನಗ್ಯಾಕೆ ಹೇಳಲಿಲ್ಲ?"

"ಕಣ್ಣು ಸರಿ ಇಲ್ಲದ ಟೈಲರ್‌ಗೆ ಯಾರು ಬಟ್ಟೆ ಕೊಡ್ತಾರೆ? ಮತ್ತೆ ನೀವು... ಅಯ್ಯೋ ಪಾಪ ಅಂತ ನೋಡೋದು ನನಗೆ ಬೇಡವಾಗಿತ್ತು."

"ಇವತ್ತು ಮೆಟ್ಟಿಲಲ್ಲಿ ನಿಂತು ನಿಮಗೆ ಕೈ ಚಾಚಿದ್ದೆ ಕಣ್ರೀ!"

ಅವನ ಮುಖ ಬಿಳಿಚಿಕೊಂಡಿತು. "ನಾನು... ದಾಟಿ ಹೋದ್ನಾ?"

"ಹೋದ್ರಿ. ನಾಳೆ ಬೇರೆ ಸಂಬಂಧಕ್ಕೆ ಹೂಂ ಅನ್ನೋಳಿದ್ದೆ."

"ಅನ್ಬೇಡಿ! ದಯವಿಟ್ಟು ಅನ್ಬೇಡಿ. ಈ ಬೆಂಚಲ್ಲಿ ಕೂತು ನೋಡಿದ ಮುಖಾನೇ ನೆನೆಸ್ಕೊಂಡು ದಿನಾ ಆ ಮೆಟ್ಟಿಲು ಇಳೀತೀನಿ ನಾನು."

ಮೆಟ್ಟಿಲ ಬಳಿ ಬಂದು ಅವಳು ಮತ್ತೆ ಕೈ ಚಾಚಿದಳು. ಈ ಸಲ ಬಾಯಿ ಬಿಟ್ಟು ಹೇಳಿದಳು. "ಕೈ ಇಲ್ಲಿದೆ. ಹಿಡ್ಕೊಳ್ಳಿ."

ತಡವರಿಸಿ, ಹುಡುಕಿ, ಹಿಡಿದುಕೊಂಡ.

"ಈಗ ಡಿಮ್ ಅಂದ್ರೆ ಮಾರ್ಕ್ಸ್ ಕೊಡ್ತೀರಾ ಮೇಡಂ?"

"ಕೊಡಲ್ಲ. ನಿಮ್ಮ ಮೊದಲಿನ ಉತ್ತರಾನೇ ಸರಿ. ಕಾಣದಿದ್ರೆ ಕಾಣಲ್ಲ ಅನ್ನಿ, ಸಾಕು."

"ಕಾಣಲ್ಲ... ಅಳ್ತಿದೀರಾ?"

"ನಗ್ತಿದೀನಿ. ಬೇಕಿದ್ರೆ ನೋಡಿ," ಎಂದು ಅವನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಅವನ ಬೆರಳು ಒದ್ದೆ ಕೆನ್ನೆಯಿಂದ ತುಟಿಯಂಚಿಗೆ ಸರಿಯಿತು.

"ಎರಡೂ ಇದೆ," ಎಂದ.