ನೆಲದ ಮೇಲೆ ಹರಡಿದ್ದ ನಾವಿಕನ ಕಾಗದ

"ಭೋಜಣ್ಣ, ಆ ಕಾಗದ ಸಿಗದಿದ್ದರೆ ನಾಳೆ ನಮ್ಮ ಮನೆಗೆಲಸದ ಶಬ್ನಂಳನ್ನು ಊರಿಗೆ ಕಳಿಸ್ತಾರೆ," ಎನ್ನುತ್ತಾ ಮಾಜಿದಾ ಗಲ್ಫಿನ ನಮ್ಮ ದಾರ್ಸೈಟ್ ಫ್ಲ್ಯಾಟಿಗೆ ಬಂದಳು. ಮೇಲಿನ ಮಹಡಿಯ ಇಸುಬು ಬ್ಯಾರಿಯವರ ಮಗಳು ಅವಳು. ಭೋಜರಾಜಣ್ಣ ಆಫೀಸಿನಲ್ಲಿ ಗುಮಾಸ್ತರು, ಬಿಲ್ಡಿಂಗಿಗೆಲ್ಲ ಪತ್ತೇದಾರರು. ಅವರ ರೂಮ್‌ಮೇಟ್ ವಿಶಾಲನಾದ ನನ್ನ ಪಾಲಿಗೆ ಚಹಾ ಮಾಡುವುದು, ಬೈಸಿಕೊಳ್ಳುವುದು.

ಕಾಗದ ನೂರರವತ್ತು ವರ್ಷ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಹಡಗಿನಲ್ಲಿದ್ದ ರಾಬರ್ಟ್ ಎಂಬವ ಜ್ವರದಲ್ಲಿ ಮಲಗಿ, ಜೊತೆಗಾರರು ಮಾಡಿದ ಸೇವೆಯನ್ನು ತಾಯಿಗೆ ಬರೆದಿದ್ದ. ಆ ಹಡಗು ನಮ್ಮ ಕಡಲಿಗೆ ಬಂದಾಗ, ಹಾಯಿಹಡಗಿನಲ್ಲಿ ಎದುರಾದ ಇಸುಬು ಬ್ಯಾರಿಯ ಅಜ್ಜನ ಅಜ್ಜನಿಗೆ ಅದನ್ನು ಅಂಚೆಗೆಂದು ಕೊಟ್ಟಿದ್ದ. ಅದು ಮನೆಯಲ್ಲೇ ಉಳಿಯಿತು. ಗುಲಾಮಗಿರಿ ಉಳಿಸಲು ಹೊರಟವರ ಕಾಗದಕ್ಕೆ ಇಷ್ಟು ಗಲಾಟೆ ಯಾಕೆ ಮಾರಾಯ ಎಂದೇ ನನಗನಿಸಿತ್ತು.

ಮೇಲೆ ಹೋದೆವು. ಶಬ್ನಂಳ ಪೆಟ್ಟಿಗೆ ಮಗುಚಿ ಬಟ್ಟೆಯೆಲ್ಲ ಹಾಲಿನಲ್ಲಿ ರಾಶಿ ಹಾಕಿದ್ದರು. ಪಾಪ, ಅವಳು ಅಡುಗೆಮನೆ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದಳು. ಸುಕ್ಕು ಹೋಗಲೆಂದು ಇಸುಬು ಬ್ಯಾರಿ ಕಾಗದವನ್ನು ಚಾಪೆಯ ಮೇಲೆ ಹರಡಿದ್ದರಂತೆ, ಫೋನ್ ಮಾತಾಡಿ ಬರುವಷ್ಟರಲ್ಲಿ ಮಾಯ. ಆಗ ಮನೆಯಲ್ಲಿದ್ದವರು ಅವರ ತಾಯಿ ಆಮಿನಮ್ಮ ಮತ್ತು ಶಬ್ನಂ. ಇಂಗ್ಲಿಷ್ ಕಾಗದ ನೋಡಲೇ ಇಲ್ಲವೆಂದು ಇಬ್ಬರೂ ಹೇಳಿದ್ದರು.

"ಯಾವ ಮಗ್ಗುಲು ಮೇಲಿತ್ತು?" ಎಂದರು ಭೋಜಣ್ಣ.

ಶಾಯಿಗೆ ಬಿಸಿಲು ತಾಗಬಾರದೆಂದು ಕವುಚಿ ಇಟ್ಟಿದ್ದರಂತೆ. ಬೆನ್ನಿಗೆ ಅಜ್ಜನ ಅಜ್ಜ ಬರೆದ ಅರಬಿ ಸಾಲಿತ್ತು. ಹುಡುಕದೆ ಉಳಿದದ್ದು ಕುರ್‌ಆನ್ ಇಟ್ಟ ಮೇಲಿನ ಶೆಲ್ಫ್ ಮಾತ್ರ.

ಭೋಜಣ್ಣ ಎಲ್ಲರನ್ನೂ ಕೂರಿಸಿದರು. "ಇಬ್ಬರೂ ನಿಜವನ್ನೇ ಹೇಳಿದ್ದಾರೆ. ನೀವು ಹುಡುಕಿದ್ದು ಇಂಗ್ಲಿಷ್ ಕಾಗದ. ನೆಲದಲ್ಲಿ ಕಂಡದ್ದು ಅರಬಿ ಅಕ್ಷರ. ಅದನ್ನು ಕಾಲಡಿ ಬಿಡದವರು ಎಲ್ಲಿಡ್ತಾರೆ? ಶಬ್ನಂಗೆ ಆ ಶೆಲ್ಫ್ ಎಟುಕುವುದಿಲ್ಲ, ಆಮಿನಮ್ಮನಿಗೆ ಎಟುಕ್ತದೆ. ಇಸುಬಾಕ, ವುಝೂ ಮಾಡಿ ನೀವೇ ತೆಗೀರಿ."

ಕೈಕಾಲು ತೊಳೆದು ಬಂದು ಇಸುಬು ಬ್ಯಾರಿ ಕುರ್‌ಆನಿನ ಬಟ್ಟೆ ಬಿಚ್ಚಿದರು. ಕಾಗದ ಒಳಗಿತ್ತು.

"ಅಲ್ಲಾಹನ ಮಾತು ನೆಲದಲ್ಲಿತ್ತು, ಎತ್ತಿಟ್ಟೆ. ಕಾಗದ ಅಂದರೆ ಅದೇನಾ?" ಎಂದರು ಆಮಿನಮ್ಮ.

ಮಾಜಿದಾ ಓದಿದಳು. ಮೂರು ರಾತ್ರಿ ನಿದ್ದೆಗೆಟ್ಟು ಬಾಯಿಗೆ ನೀರು ಹಾಕಿದವರು, ತಮ್ಮ ಕಂಬಳಿ ತೆಗೆದು ಹೊದೆಸಿದವರು, ಎಲ್ಲರ ಹೆಸರೂ ಇತ್ತು. ಬೆನ್ನಿಗಿದ್ದದ್ದು ರೋಗಿ ಗುಣವಾಗಲೆಂದು ಓದುವ ಕುರ್‌ಆನಿನ ಆಯತ್ ಎಂದರು ಆಮಿನಮ್ಮ. ಇಂಗ್ಲಿಷ್ ಒಂದಕ್ಷರ ಬಾರದ ಮುದುಕ, ಜ್ವರದಿಂದ ಬಳಲಿದವನನ್ನು ಕಂಡು, ಯಾರದೋ ಮಗನಿಗಾಗಿ ಬರೆದದ್ದು! ನನ್ನ ಅಸಡ್ಡೆಗೆ ನನಗೇ ನಾಚಿಕೆಯಾಯಿತು.

ಇಸುಬು ಬ್ಯಾರಿ ಶಬ್ನಂಳ ಕ್ಷಮೆ ಕೇಳಿದರು. ಅವಳು ರಾಶಿ ಬಿದ್ದ ಬಟ್ಟೆ ತೆಗೆಯಲು ಬಗ್ಗಿದಳು.

"ನೀನು ಕೂತ್ಕೋ ಮಗಳೇ," ಎಂದರು ಅವರು. ನೆಲದಲ್ಲಿ ಕೂತು ಅವಳ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಅವಳ ಕೋಣೆಗೆ ತಾವೇ ಹೊತ್ತುಕೊಂಡು ಹೋದರು.