ಜರ್ಮನಿಯಿಂದ ವಾಪಸಾದ ಯಂತ್ರಗಳು

ಗೋದಾಮಿನಲ್ಲಿ ಮೂರು ಮರದ ಪೆಟ್ಟಿಗೆಗಳನ್ನು ಕಂಡದ್ದೇ ಜಹೀರಾ ಬಾಗಿಲಲ್ಲೇ ನಿಂತುಬಿಟ್ಟಳು. ಕಾಫಿಬೀಜದ ತೇವ ಅಳೆಯುವ ಯಂತ್ರಗಳು! ಜರ್ಮನಿಗೆ ಹೋಗಿದ್ದವು—ಮರಳಿ ಬಂದಿವೆ.

"ಅಲ್ಲಿ ಯಾರಿಗೂ ಬೇಡವಂತೆ ಜಹೀರಕ್ಕ," ಯಂತ್ರ ತಯಾರಿಸುವ ಕಂಪನಿಯ ಮ್ಯಾನೇಜರ್ ರಾಜೀವ್ ನಿಟ್ಟುಸಿರಿಟ್ಟು ಕಾಗದ ಮುಂದೆ ಹಿಡಿದ. "ಸಹಿ ಹಾಕಿ. ಷೇರಿಗೆ ನಾಲ್ಕು ರೂಪಾಯಿ ಕೊಡ್ತೀನಿ. ನಾಳೆ ಎರಡೂ ಸಿಗ್ಲಿಕ್ಕಿಲ್ಲ."

ಹತ್ತು ರೂಪಾಯಿಯಂತೆ ಕೊಂಡ ಎರಡು ಸಾವಿರ ಷೇರು! ಮಗಳು ಅಮ್ನಾಳ ನರ್ಸಿಂಗ್ ಓದಿಗೆಂದು ಜಹೀರಾ ಹೊಲಿಗೆ ಹಾಕಿ ಕೂಡಿಸಿದ್ದೆಲ್ಲ ಅದರಲ್ಲೇ ಇತ್ತು. ಮಾರಿದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಇಟ್ಟುಕೊಂಡು ಪೂರ್ತಿ ಮುಳುಗಿದರೆ? 2002ರ ಆ ವರ್ಷ ಕಾಫಿಯ ದರವೇ ನೆಲಕಚ್ಚಿತ್ತು.

ಜೊತೆಗೆ ಬಂದಿದ್ದ ನೆರೆಮನೆಯ ಮುತ್ತಮ್ಮ ಮಾತ್ರ ಪೆಟ್ಟಿಗೆಗಳ ಸುತ್ತ ಸುತ್ತುತ್ತಿದ್ದಳು. ಚಿಕ್ಕಮಗಳೂರಿನಲ್ಲಿ ಕಾಫಿಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂವತ್ತು ವರ್ಷ ಬೀಜ ಆರಿಸಿದವಳು. ಅವಳ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವೇ?

"ಕಳಿಸೋವಾಗ ಪ್ಯಾಕ್ ಮಾಡಿದ್ದು ಯಾರು?"

"ನಾನೇ," ಎಂದ ಗೋದಾಮಿನ ದಿಲೀಪ, ನೆಲ ನೋಡುತ್ತ. "ಹೊಸದು. ಒಂದು ಕಾಳೂ ಹಾಕಿರ್ಲಿಲ್ಲ."

"ವಾಪಸ್ ಬಂದ ಮೇಲೆ?"

"ಯಾರೂ ಮುಟ್ಟಿಲ್ಲ," ರಾಜೀವ್ ನಡುವೆ ಬಾಯಿ ಹಾಕಿದ. "ಪೆಟ್ಟಿಗೆ ಒಡೆದದ್ದೇ ಈಗ."

ಮುತ್ತಮ್ಮ ಯಂತ್ರದ ಬಟ್ಟಲು ಕಳಚಿ, ಮೂಲೆಯಿಂದ ಏನನ್ನೋ ಉಗುರಲ್ಲಿ ಕೆದಕಿದಳು. ತೆಳ್ಳಗಿನ, ಒಣಹುಲ್ಲಿನ ಬಣ್ಣದ ಸಿಪ್ಪೆ.

"ಇದೇನು ಹೇಳಿ ಮಾರಾಯ್ರೆ?"

"ಕಸ!"

"ಪಾರ್ಚ್‌ಮೆಂಟಿನ ಹೊಟ್ಟು! ಎಸ್ಟೇಟಿಂದ ಬರೋ ಬೀಜದ ಮೇಲಿರ್ತದೆ. ಅದನ್ನ ನಾವು ಇಲ್ಲೇ ಕ್ಯೂರಿಂಗಲ್ಲಿ ತೆಗೆದುಬಿಡ್ತೀವಿ. ಹಡಗು ಹತ್ತೋದು ಬರೀ ಬೆತ್ತಲೆ ಬೀಜ. ಹಾಗಾದ್ರೆ ಜರ್ಮನಿಯವನಿಗೆ ಇದು ಎಲ್ಲಿ ಸಿಕ್ತು?"

ರಾಜೀವನ ಮುಖ ಸಪ್ಪಗಾಯಿತು.

"ಈ ಯಂತ್ರ ಘಟ್ಟ ಇಳಿದೇ ಇಲ್ಲ. ಅಲ್ವಾ ದಿಲೀಪ?"

ದಿಲೀಪ ಬಾಯಿಬಿಟ್ಟ. ಹೊರದೇಶದ ಆರ್ಡರ್ ನಿಂತುಹೋದದ್ದು ನಿಜ. ಆದರೆ ಕೊಯ್ಲಿನ ಕಾಲವಿಡೀ ದಿಲೀಪನೇ ರಾಜೀವನ ಮಾತಿನಂತೆ ಈ ಮೂರನ್ನೂ ಜೀಪಿನಲ್ಲಿ ಹೇರಿಕೊಂಡು ಮೂಡಿಗೆರೆ, ಕಳಸದ ಎಸ್ಟೇಟುಗಳಿಗೆ ಬಾಡಿಗೆಗೆ ಒಯ್ದಿದ್ದ. ದರ ಬಿದ್ದಾಗ ತೇವ ಅಳೆಯದೆ ಬೀಜವನ್ನು ಅತಿಯಾಗಿ ಒಣಗಿಸಿ ತೂಕವನ್ನೂ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ? ಈಗ ನಲವತ್ತು ಎಸ್ಟೇಟಿನವರು ಯಂತ್ರ ಬೇಕೆಂದು ದುಂಬಾಲು ಬಿದ್ದಿದ್ದರು. ಆ ಸುದ್ದಿ ಹೊರಬೀಳುವ ಮೊದಲೇ ಎಲ್ಲರ ಷೇರನ್ನೂ ಅಗ್ಗಕ್ಕೆ ಬಾಚಿಕೊಳ್ಳಲು ರಾಜೀವ್ ಈ ನಾಟಕ ಹೂಡಿದ್ದ.

ಜಹೀರಾಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು. ಕಾಗದವನ್ನು ಮಡಚಿ ಅವನ ಕೈಗೇ ಕೊಟ್ಟಳು.

"ನಂದು ಮಾರೋದಿಲ್ಲ ಸರ್. ನಿಮ್ಮದು ಮಾರೋದಿದ್ರೆ ಹೇಳಿ—ನಾಲ್ಕು ರೂಪಾಯಿ ಕೊಡ್ತೀನಿ."